ಒಕ್ಕಲಿಗ ಹಿರಿಯನ ಸ್ಮರಣೆ

ಲಿಂಗೈಕ್ಯರಾದ ಹಿರಿಯರನ್ನು ನೆನೆಯುವದು ಮಕ್ಕಳ ಧರ್ಮವು. ಆದರೆ ನೆನೆಯುವ ಬಗೆ ಯಾವದು? ವಿರಕ್ತರಿಗೆ ಗದ್ದುಗೆಯುಂಟು, ಮಠವುಂಟು, ಶಿಷ್ಯಪರಂಪರೆಯುಂಟು. ನದಿ ಇಂಗಳಗಾಂವದಲ್ಲಿ 1836ರಲ್ಲಿ ಜನಿಸಿ 1921ರಲ್ಲಿ ಲಿಂಗೈಕ್ಯರಾದ ಅಥಣಿಯ ಮುರುಘೇಂದ್ರ ಶಿವಯೋಗಿಗಳನ್ನು ನಾಡು ಗಚ್ಚಿನಮಠದಲ್ಲಿ ಇಂದಿಗೂ ನೆನೆಯುತ್ತಲಿದೆ. ಹೊಲಮನೆಗಳ ನಡುವೆಯೇ ಎಂಬತ್ತು ವರುಷ ಬಾಳಿ, ಮಡದಿಮಕ್ಕಳನ್ನು ಸಲಹಿ ಕಣ್ಮುಚ್ಚಿದ ಒಕ್ಕಲಿಗನಿಗೆ ಸ್ಮಾರಕವಾವದು? ಈ ತಿಂಗಳ ಪಾಠದಲ್ಲಿ ಇದನ್ನು ವಿಚಾರಿಸೋಣ.

ಶರಣರು ಗೃಹಸ್ಥನ ಬಾಳನ್ನು ಕೀಳೆಂದೆಣಿಸಲಿಲ್ಲ. ಹನ್ನೆರಡನೆಯ ಶತಮಾನದ ಶರಣಗಣದಲ್ಲಿ ಒಕ್ಕಲಿಗ ಮುದ್ದಣ್ಣನೂ ಒಬ್ಬನು. ‘ಕಾಮಭೀಮ ಜೀವಧನದೊಡೆಯ’ ಎಂಬುದು ಅವನ ವಚನಗಳ ಅಂಕಿತವು. ಬೇಸಾಯದ ಮಾತುಗಳೇ ಅವನಲ್ಲಿ ಅನುಭಾವದ ಮಾತುಗಳಾದವು. ಇನ್ನು ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವನ್ನು ಅರಿಯದವರಾರು? ಪತಿಯಾದ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಇದು ಆಸೆಯ ಫಲವೆಂದು ತಿಳಿಹೇಳಿ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಮಾಡಿದಳು. ಮುದ್ದಣ್ಣನಿಂದ ದುಡಿಮೆಯ ಹಿರಿಮೆಯನ್ನೂ, ಲಕ್ಕಮ್ಮನಿಂದ ಮಿತಿಯ ಹಿರಿಮೆಯನ್ನೂ ನಾವು ಕಲಿಯತಕ್ಕದ್ದು. ಸಂಸಾರಿಯ ಬಾಳನ್ನು ಅಳೆಯುವ ಕೊಳಗವು ಇವೆರಡೇ.

ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯಲ್ಲಿ ಈಚೆಗೆ ಕಣ್ಮರೆಯಾಗುತ್ತಲಿರುವ ಹಿರಿಯರ ಬಾಳು ಸಾಮಾನ್ಯವಾದುದಲ್ಲ. ಅವರು ಬಾಲ್ಯದಲ್ಲಿ ಮುಂಬಯಿ ಆಡಳಿತವನ್ನು ಕಂಡವರು. 1956ರಲ್ಲಿ ಬೆಳಗಾವಿಯು ಮೈಸೂರು ರಾಜ್ಯವನ್ನು ಸೇರಿದುದನ್ನು ಕಂಡವರು. 1972ರ ಬರದಲ್ಲಿ ಎತ್ತುಗಳಿಗೆ ಮೇವಿಲ್ಲದೆ ಕೊರಗಿದರು. 1981ರಲ್ಲಿ ನಿಪ್ಪಾಣಿಯ ತಂಬಾಕು ಬೆಳೆಗಾರರು ಯೋಗ್ಯ ಬೆಲೆಗಾಗಿ ಹೆದ್ದಾರಿಯಲ್ಲಿ ಕುಳಿತು ಗೋಲಿಬಾರಿಗೆ ಈಡಾದರು. 2005ರಲ್ಲಿಯೂ 2019ರಲ್ಲಿಯೂ ಕೃಷ್ಣೆಯು ಉಕ್ಕಿ ಊರುಗಳನ್ನು ಹೊಕ್ಕಳು. ಜೋಳ ಬೆಳೆಯುತ್ತಿದ್ದ ಹೊಲಗಳು ಇವರ ಕಣ್ಣೆದುರಿಗೇ ಕಬ್ಬಿನ ಹೊಲಗಳಾದವು.

ರಾಯಬಾಗ ತಾಲೂಕಿನಲ್ಲಿ ಕೃಷ್ಣಾತೀರದ ಒಂದು ಹಳ್ಳಿಯಲ್ಲಿ ಅಂಥ ಹಿರಿಯರೊಬ್ಬರಿದ್ದರು. ಎಂಟೆಕರೆ ಎರೆಭೂಮಿಯೇ ಅವರ ಸರ್ವಸ್ವವು. ಕಣದಲ್ಲಿ ರಾಶಿಯಾದಾಗ ಬಡಿಗ, ಕಂಬಾರರ ಆಯವನ್ನು ಅಳೆದುಕೊಟ್ಟ ಬಳಿಕವೇ ಕಾಳು ಮನೆಗೆ ಬರುತ್ತಿತ್ತು. ಕಬ್ಬು ಹಚ್ಚಿದ ಮೇಲೆಯೂ ಅವರು ಒಂದು ನೇಮವನ್ನು ಬಿಡಲಿಲ್ಲ: ಪ್ರತಿ ಬೇಸಿಗೆಯಲ್ಲಿ ಹೊಲದ ನಡುವಣ ಎದೆಮಟ್ಟದ ಬಸಿಗಾಲುವೆಯ ಹೂಳನ್ನು ತಾವೇ ತೆಗೆಯುತ್ತಿದ್ದರು. ಅದರ ಮರ್ಮವನ್ನು ನಮ್ಮ ರೈತರು ಬಲ್ಲರು. ಎರೆಮಣ್ಣಿಗೆ ಮಿತಿಮೀರಿ ನೀರುಣಿಸಿ, ಅದು ಬಸಿದುಹೋಗಲು ದಾರಿಗೊಡದಿದ್ದರೆ ನೆಲದೊಳಗಿನ ನೀರು ಮೇಲೇರುವದು. ಬಿಸಿಲಿಗೆ ನೀರು ಆರಿ ಉಪ್ಪು ಉಳಿಯುವದು. ಹೀಗೆ ಸವುಳು-ಜವುಳಾಗಿ ಬಂಗಾರದಂಥ ಭೂಮಿಯು ಬಂಜೆಯಾಗುವದು. ಲಕ್ಕಮ್ಮನು ಅಕ್ಕಿಯಲ್ಲಿ ಕಂಡ ಮಿತಿಯನ್ನು ಈ ಹಿರಿಯರು ನೀರಿನಲ್ಲಿ ಕಂಡಿದ್ದರು.

ಅವರು ಲಿಂಗೈಕ್ಯರಾದಾಗ, ನಮ್ಮಲ್ಲಿ ಅನೇಕ ಮನೆತನಗಳ ರೂಢಿಯಂತೆ, ತಮ್ಮ ಹೊಲದಲ್ಲಿಯೇ ಸಮಾಧಿಯಾಯಿತು. ಆರು ತಿಂಗಳೊಳಗೆ ಇಬ್ಬರು ಗಂಡುಮಕ್ಕಳು ಪಾಲಾದರು. ಸಮಾಧಿಯಿದ್ದ ಮೇಲಿನ ಹೊಲವು ಹಿರಿಯನಿಗೆ ಬಂದಿತು. ಕಾಲುವೆಯು ಹಾದುಹೋಗುವ ಕೆಳಗಿನ ಹೊಲವು ಕಿರಿಯನಿಗೆ. ಕಾಲುವೆಯಿಂದ ತನ್ನ ಎರಡು ಗುಂಟೆ ನೆಲ ಹಾಳೆಂದು ಕಿರಿಯನು ಅದನ್ನು ಮುಚ್ಚಿದನು. ಅದಕ್ಕೆ ಉತ್ತರವಾಗಿ ಹಿರಿಯನು ಸಮಾಧಿಗೆ ಹೋಗುವ ದಾರಿಯಲ್ಲಿ ಕಬ್ಬು ನಾಟಿದನು. ಮುಂದಿನ ಬೇಸಿಗೆಗೆ ಮೇಲಿನ ಹೊಲದಲ್ಲಿ ಬಿಳಿಯ ಉಪ್ಪು ಕಾಣಿಸಿತು. ತಂದೆಯ ಸಮಾಧಿಯ ಸುತ್ತಲಿನ ಪೈರು ಹಳದಿಗಟ್ಟಿತು.

ವರುಷದ ಪುಣ್ಯಸ್ಮರಣೆಗೆ ಮಕ್ಕಳಿಬ್ಬರೂ ಬೇರೆಬೇರೆ ಚಪ್ಪರ ಹಾಕಿ, ಬೇರೆಬೇರೆ ಗಣಾರಾಧನೆಗೆ ಸಿದ್ಧರಾದರು. ತಾಯಿಯು ಎರಡು ಚಪ್ಪರಕ್ಕೂ ಹೋಗಲೊಲ್ಲಳು. “ನಿಮ್ಮಪ್ಪನ ಹೆಸರಿಲೆ ಎರಡೆರಡ ಪಂಕ್ತಿ ಹಾಕಬ್ಯಾಡ್ರೋ. ಅಂವ ತೋಡಿದ ಕಾಲುವಿ ಮೊದಲ ತೋಡ್ರೋ” ಎಂದು ಆ ವೃದ್ಧೆಯು ಅಂದುದಿಷ್ಟೇ. ಊಟಗಳು ನಿಂತವು. ಹಿರಿಯ ಮಗನು ದಾರಿಯ ಕಬ್ಬನ್ನು ಕಡಿದನು. ಕಿರಿಯನು ಕೆಲದಿನ ಮುನಿದಿದ್ದು, ಕಡೆಗೆ ಗುದ್ದಲಿ ಹಿಡಿದು ಬಂದನು. ಕಾಲುವೆಯು ಈಗ ಹರಿಯುತ್ತಲಿದೆ. ಆದರೆ ಸವುಳೇರಿದ ಅರ್ಧ ಎಕರೆಯು ಇನ್ನೂ ಬೆಳೆಗೊಟ್ಟಿಲ್ಲ. ಮನಸ್ಸು ತಿರುಗಿದಷ್ಟು ಬೇಗ ಮಣ್ಣು ತಿರುಗದು.

ಇದರಿಂದ ನಾವು ಅರಿಯತಕ್ಕ ಸಂಗತಿಗಳು ಮೂರು. ಮೊದಲನೆಯದು, ಸ್ಮರಣೆಯು ಸತ್ಯವಾಗಿರಬೇಕು. ಪುಣ್ಯಾತ್ಮ, ಮಹಾನುಭಾವ ಎಂಬ ಬಿರುದುಗಳನ್ನು ಹೇರುವದಕ್ಕಿಂತ, ಆ ಹಿರಿಯನು ಯಾವ ಹೊಲವನ್ನು ಹದಗೊಳಿಸಿದನು, ಯಾರಿಗೆ ಕಾಳು ಅಳೆದನು, ಯಾವ ನೇಮವನ್ನು ಬಿಡಲಿಲ್ಲವೆಂಬುದನ್ನು ಮೊಮ್ಮಕ್ಕಳಿಗೆ ಹೇಳಬೇಕು. ಎರಡನೆಯದು, ಒಕ್ಕಲುತನವು ಒಬ್ಬನ ಕಾಯಕವಲ್ಲ. ಬುತ್ತಿ ಹೊತ್ತು, ಕಳೆ ಕಿತ್ತು, ಬೀಜ ಕಾದಿಟ್ಟ ಗೃಹಿಣಿಯನ್ನು ಮರೆತು ಗೃಹಸ್ಥನನ್ನು ಹೊಗಳಿದರೆ ಅದು ಅರೆಸ್ಮರಣೆಯು. ಮೂರನೆಯದು, ಸ್ಮರಣೆಯ ದಿನಕ್ಕೆ ಮೊದಲೇ ಅವನು ಬಿಟ್ಟುಹೋದ ಹೊಣೆಗಳನ್ನು ತೀರಿಸಬೇಕು. ಸಾಲವಿದ್ದರೆ ಸಾಲ, ಒಡ್ಡಿನ ತಂಟೆಯಿದ್ದರೆ ತಂಟೆ. ಹೆಣ್ಣುಮಕ್ಕಳ ಪಾಲನ್ನೂ ಮರೆಯಲಾಗದು. ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಿಗೆ ಸರಿಸಮವಾದ ಹಕ್ಕನ್ನು 2005ರ ಕಾಯದೆಯು ಕೊಟ್ಟಿದೆ. ತವರಿನ ಉಡಿಯಕ್ಕಿಯೊಂದರಿಂದ ಆ ಋಣವು ತೀರದು.

ವಾಚಕರೇ, ನಿಮ್ಮ ಮನೆಯ ಹಿರಿಯರ ಪುಣ್ಯತಿಥಿಯು ಬಂದಾಗ, ಗಣಾರಾಧನೆಯನ್ನು ಯಥಾಶಕ್ತಿ ನಡೆಯಿಸಿರಿ. ಆದರೆ ಅದರ ಮುನ್ನಾದಿನ ಅಣ್ಣತಮ್ಮಂದಿರೂ ಅಕ್ಕತಂಗಿಯರೂ ಕೂಡಿ ಒಮ್ಮೆ ಹೊಲಕ್ಕೆ ಹೋಗಿರಿ. ಸಮಾಧಿಗೆ ದಾರಿಯಿದೆಯೇ, ನೀರು ಬಸಿಯಲು ಕಾಲುವೆಯಿದೆಯೇ ಎಂದು ನೋಡಿರಿ. ಇಲ್ಲದಿದ್ದರೆ ಮೊದಲು ಗುದ್ದಲಿ, ಆಮೇಲೆ ಎಡೆ.