ಗಲಾಟೆ ಇಲ್ಲದ ದಿನಗಳ ಸಭೆ

ಮುಂಬಯಿ ಪಕ್ಕದ ಭಿವಂಡಿ ಮಗ್ಗಗಳ ಊರು. ಮಗ್ಗದ ಮಾಲೀಕರಲ್ಲಿ ಅನ್ಸಾರಿ ಮುಸ್ಲಿಮರು ಬಹಳ. ನೂಲು, ಬಟ್ಟೆ ವ್ಯಾಪಾರದಲ್ಲಿ ಗುಜರಾತಿಗಳು, ಮಾರವಾಡಿಗಳು. ನೇಯುವವರಲ್ಲಿ ತೆಲಂಗಾಣದಿಂದ ಬಂದ ಪದ್ಮಶಾಲಿಗಳೂ ಇದ್ದಾರೆ. ಒಬ್ಬರ ಕೈ ನಿಂತರೆ ಇನ್ನೊಬ್ಬರ ಒಲೆ ಉರಿಯುವುದಿಲ್ಲ. ಆದರೂ 1970ರ ಮೇ ತಿಂಗಳಲ್ಲಿ ಶಿವಾಜಿ ಜಯಂತಿಯ ಮೆರವಣಿಗೆಯಂದು ಶುರುವಾದ ಹಿಂದೂ-ಮುಸ್ಲಿಂ ಗಲಭೆಗೆ ಊರೇ ಹೊತ್ತಿ ಉರಿಯಿತು. 1984ರಲ್ಲಿ ಮತ್ತೆ ಅದೇ ಗತಿ. ಕೊಡುಕೊಳ್ಳುವ ವ್ಯವಹಾರವಿದ್ದ ಮಾತ್ರಕ್ಕೆ ನಂಬಿಕೆ ಹುಟ್ಟಲಿಲ್ಲ.

1988ರಲ್ಲಿ ಅಲ್ಲಿಗೆ ಡಿಸಿಪಿಯಾಗಿ ಬಂದ ಸುರೇಶ್ ಖೋಪಡೆ ಲಾಠಿಗಿಂತ ಮೊದಲು ಮಾತಿಗೆ ಜಾಗ ಮಾಡಿದರು. ಮೊಹಲ್ಲಾಗೊಂದು ಸಮಿತಿ, ಅದರಲ್ಲಿ ಎರಡೂ ಸಮುದಾಯದ ಸಾಮಾನ್ಯರು, ಜೊತೆಗೆ ಆ ಪ್ರದೇಶದ ಹೊಣೆ ಹೊತ್ತ ಪೊಲೀಸರು. ಇಂಥ ಸುಮಾರು 70 ಸಮಿತಿಗಳು ಎದ್ದು ನಿಂತವು.

1992ರ ಡಿಸೆಂಬರ್ 6ರಂದು ಬಾಬರಿ ಮಸೀದಿ ಉರುಳಿದ ಮೇಲೆ ಮುಂಬಯಿ ಎರಡು ಸಲ ಹೊತ್ತಿಕೊಂಡಿತು. ಈ ಗಲಭೆಗಳ ತನಿಖೆ ನಡೆಸಿದ ಶ್ರೀಕೃಷ್ಣ ಆಯೋಗದ ಲೆಕ್ಕದಂತೆ ಸತ್ತವರು 900. ಭಿವಂಡಿ ಮಾತ್ರ ಶಾಂತವಾಗಿತ್ತು. ಗಲಭೆಯ ಊರುಗಳನ್ನೂ ಶಾಂತಿಯ ಊರುಗಳನ್ನೂ ಹೋಲಿಸಿ ನೋಡಿದ ವಿದ್ವಾಂಸ ಅಶುತೋಷ್ ವಾರ್ಷ್ಣೇಯ ಕೂಡ ಇದಕ್ಕೆ ಈ ಸಮಿತಿಗಳ ಕಡೆ ಬೊಟ್ಟು ಮಾಡಿದ್ದಾರೆ.

ಗಲಭೆಯ ನಂತರ ಮುಂಬಯಿಯಲ್ಲೂ ಮೊಹಲ್ಲಾ ಸಮಿತಿಗಳ ಚಳವಳಿ ಬೆಳೆಯಿತು. ನಿವೃತ್ತ ಪೊಲೀಸ್ ಅಧಿಕಾರಿ ಜೂಲಿಯೊ ರಿಬೇರೊ, ಆಗಿನ ಕಮಿಷನರ್ ಸತೀಶ್ ಸಾಹ್ನಿ, ಸುಶೋಭಾ ಬರ್ವೆ ಅದಕ್ಕೆ ಹೆಗಲು ಕೊಟ್ಟರು. ಧಾರಾವಿಯಲ್ಲಿ ಭಾವು ಕೊರ್ಡೆ ಮತ್ತು ವಕಾರ್ ಖಾನ್ ಜೋಡಿ ಗಲ್ಲಿ ಗಲ್ಲಿ ಅಲೆಯಿತು. ನಾಲ್ಕು ಧರ್ಮದ ಉಡುಗೆ ತೊಟ್ಟ ನಾಲ್ಕು ಮಕ್ಕಳ ಪೋಸ್ಟರ್ ಅವರಿಂದಲೇ ಊರೆಲ್ಲ ಹರಡಿತು.

ಮುಂಬಯಿಯಲ್ಲಿದ್ದ ಕಾಲದಲ್ಲಿ ಇಂಥ ಸಭೆಗಳಲ್ಲಿ ಕೂತು ನಾನು ಕಲಿತದ್ದು ಇಷ್ಟು: ಅಲ್ಲಿ ಸೌಹಾರ್ದದ ಭಾಷಣಕ್ಕಿಂತ ನಲ್ಲಿಯ ಮಾತೇ ಹೆಚ್ಚು. ಒಂದು ಸಭೆಯಲ್ಲಿ ಸೊಲ್ಲಾಪುರದ ಕಡೆಯ ಹೆಂಗಸೊಬ್ಬಳು, ಎದುರು ಸಾಲಿನವರು ಪೈಪಿಗೆ ಮೋಟಾರು ಹಚ್ಚಿ ನೀರೆಳೆಯುತ್ತಾರೆ ಎಂದು ಕೂಗಾಡಿದಳು. ಎದುರು ಸಾಲಿನ ಬುರ್ಖಾದ ಹೆಂಗಸು ತನ್ನ ಖಾಲಿ ಕೊಡವನ್ನೇ ತಂದು ನಡುವೆ ಇಟ್ಟಳು. ಸಬ್ ಇನ್ಸ್‌ಪೆಕ್ಟರ್ ಇಬ್ಬರ ಮಾತನ್ನೂ ಪೂರ್ತಿ ಕೇಳಿಸಿಕೊಂಡರು. ನೀರು ಎರಡೂ ಸಾಲಿಗೆ ಬರುತ್ತಿಲ್ಲ ಎಂಬುದು ಆಗ ಬಯಲಾಯಿತು. ಪಾಲಿಕೆಯ ವಾರ್ಡ್ ಕಚೇರಿಗೆ ಒಂದೇ ಅರ್ಜಿ ಹೋಯಿತು, ಇಬ್ಬರ ಸಹಿಯೂ ಅದರಲ್ಲಿತ್ತು.

ಮುಂದೊಂದು ಸಂಜೆ ಕಲ್ಲು ಬಿತ್ತೆಂಬ ಸುದ್ದಿ ಹಬ್ಬಿದಾಗ ಸೊಲ್ಲಾಪುರದ ಹೆಂಗಸು ಬುರ್ಖಾದ ಹೆಂಗಸಿಗೆ ಫೋನ್ ಮಾಡಿದಳು: "ಆಪಾ, ನಿಮ್ಮ ಕಡೆ ಏನಾದರೂ ಆಯಿತಾ?" "ಏನೂ ಇಲ್ಲ ದೀದಿ, ಅಂಗಡಿಗಳೆಲ್ಲ ತೆರೆದೇ ಇವೆ." ಆ ಸುದ್ದಿ ಅಲ್ಲಿಗೇ ನಿಂತಿತು. ಇಬ್ಬರಿಗೂ ಪರಸ್ಪರರ ನಂಬರು ಸಿಕ್ಕಿದ್ದು ನೀರಿನ ಜಗಳದಿಂದ.

ಆದರೆ ಇದು ಒಮ್ಮೆ ಕಟ್ಟಿ ಬಿಟ್ಟುಬಿಡುವ ಕೆಲಸವಲ್ಲ. 2006ರ ಜುಲೈನಲ್ಲಿ ಅದೇ ಭಿವಂಡಿಯಲ್ಲಿ ಪೊಲೀಸ್ ಠಾಣೆಯ ಕಟ್ಟಡದ ವಿಚಾರಕ್ಕೆ ಜನರೂ ಪೊಲೀಸರೂ ಎದುರುಬದುರಾದರು. ಗೋಲಿಬಾರಿಗೆ ಜನ ಸತ್ತರು, ಇಬ್ಬರು ಪೊಲೀಸರನ್ನು ಗುಂಪು ಕೊಂದುಹಾಕಿತು. ಸಮಿತಿಗಳಲ್ಲಿ ಹಳೆಯ ಜೀವ ಅಷ್ಟರಲ್ಲಿ ಉಳಿದಿರಲಿಲ್ಲ.

ನಮ್ಮ ಕರ್ನಾಟಕದಲ್ಲೂ ಗಣೇಶನ ಹಬ್ಬ, ಈದ್ ಮಿಲಾದ್ ಹತ್ತಿರ ಬಂದಾಗ ಠಾಣೆಗಳಲ್ಲಿ ಶಾಂತಿ ಸಭೆ ಸೇರುತ್ತದೆ. ಮುಖಂಡರು ಮುಂದಿನ ಕುರ್ಚಿಯಲ್ಲಿ ಕೂರುತ್ತಾರೆ, ಮೆರವಣಿಗೆಯ ದಾರಿ, ಡಿಜೆ ಬಂದ್ ಮಾಡುವ ಹೊತ್ತು ಗೊತ್ತಾಗುತ್ತದೆ, ಟೀ ಕುಡಿದು ಎಲ್ಲರೂ ಏಳುತ್ತಾರೆ. ಈ ಸಭೆ ಬೇಕೇ ಬೇಕು. ಅದು ಹಬ್ಬವಿಲ್ಲದ ತಿಂಗಳಲ್ಲೂ ಸೇರಲಿ. ಚರಂಡಿ, ಬೀದಿದೀಪ, ಆಟದ ಮೈದಾನದ ವಿಷಯ ಅಲ್ಲಿಗೆ ಬರಲಿ. ಗಲ್ಲಿಯ ಹೆಂಗಸರಿಗೂ ಹುಡುಗರಿಗೂ ಕುರ್ಚಿ ಇರಲಿ. ಇನ್ಸ್‌ಪೆಕ್ಟರ್ ವರ್ಗವಾಗಿ ಹೋಗುವಾಗ ಸದಸ್ಯರನ್ನು ಮುಂದಿನವರಿಗೆ ಎದುರೆದುರೇ ಪರಿಚಯ ಮಾಡಿಕೊಟ್ಟು ಹೋಗಲಿ.