ಟರ್ಕಿ ಮರಿಗಳು ಕಾರಣ ತಿಳಿಯದೆ ಸಾಯುತ್ತಿವೆಯೇ?

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಭಾಗದಲ್ಲಿ ಹತ್ತಿಪ್ಪತ್ತು ಟರ್ಕಿ ಕೋಳಿ ಸಾಕಬೇಕೆನ್ನುವ ರೈತ ಬಾಂಧವರು ಒಂದು ಮಾತನ್ನು ಮೊದಲೇ ತಿಳಿದಿರಬೇಕು. ಬೆಳೆದ ಟರ್ಕಿ ಗಟ್ಟಿ ಹಕ್ಕಿ; ಅದರ ಮರಿ ಮಾತ್ರ ಬಹಳ ನಾಜೂಕು. ಮೊದಲ ನಾಲ್ಕು ವಾರಗಳಲ್ಲಿ ನೂರಕ್ಕೆ 6ರಿಂದ 10 ಮರಿಗಳು ಸಾಯುವುದುಂಟು. ಅದಕ್ಕೂ ಮೀರಿದರೆ ದೃಷ್ಟಿ ತಗುಲಿತೆಂದು ಸುಮ್ಮನಿರದೆ ಕಾರಣ ಹುಡುಕಬೇಕು.

ನಾಲ್ಕೈದನೆಯ ದಿನ ಸಾಯುವ ಮರಿಗಳಲ್ಲಿ ಬಹುಪಾಲು ಹಸಿವಿನಿಂದ ಸಾಯುತ್ತವೆ. ಎದುರಿಗೆ ಆಹಾರವಿದ್ದರೂ ಟರ್ಕಿ ಮರಿಗೆ ಅದನ್ನು ಕುಕ್ಕಲು ತಿಳಿಯುವುದಿಲ್ಲ. ಸತ್ತ ಮರಿಯ ಕತ್ತಿನ ಬುಡದ ಮೇವಿನ ಚೀಲವನ್ನು ಮುಟ್ಟಿ ನೋಡಿರಿ. ಖಾಲಿಯಿದ್ದರೆ, ಇಲ್ಲವೆ ಬರೀ ಭತ್ತದ ಹೊಟ್ಟು ಸಿಕ್ಕರೆ ಸಂಶಯ ಬೇಡ. ಮೊದಲ ಕೆಲವು ದಿನ ಹೊಟ್ಟಿನ ಮೇಲೆ ಗೋಣಿತಟ್ಟು ಹಾಸಿರಿ. 10 ಮರಿಗಳಿಗೆ ಒಂದರಂತೆ ಬೇಯಿಸಿದ ಮೊಟ್ಟೆಯನ್ನು ಪುಡಿಮಾಡಿ, ಸಣ್ಣಗೆ ಹೆಚ್ಚಿದ ಸೊಪ್ಪಿನೊಡನೆ ಆಹಾರದ ಮೇಲೆ ಉದುರಿಸಿರಿ. ಲೀಟರ್ ನೀರಿಗೆ 100 ಮಿ.ಲೀ. ಹಾಲು ಬೆರೆಸಿ 15 ದಿನ ಕುಡಿಸಬಹುದು. ನಮ್ಮ ಬಿಸಿಲಿಗೆ ಹಾಲು ಬೇಗ ಹುಳಿಯುವುದರಿಂದ ಆಗಾಗ ಬದಲಿಸಬೇಕು. ನೀರಿನ ತಟ್ಟೆಯಲ್ಲಿ ನಾಲ್ಕು ಬಣ್ಣದ ಗೋಲಿ ಹಾಕಿದರೆ ಮರಿಗಳು ತಾವಾಗಿ ಬಂದು ಕುಕ್ಕುತ್ತವೆ. ಮಕ್ಕಳ ಗೋಲಿಯೇ ಸಾಕು.

ಕಾವು ಮೊದಲ ವಾರ 35 ಡಿಗ್ರಿ ಸೆಂ. ಇರಲಿ, ನಾಲ್ಕನೆಯ ವಾರದವರೆಗೆ ವಾರಕ್ಕೆ 3 ಡಿಗ್ರಿಯಂತೆ ಇಳಿಸುತ್ತ ಬನ್ನಿರಿ. ರಾತ್ರಿ ಕರೆಂಟು ಹೋದರೆ ಮರಿಗಳು ಮೂಲೆಗೆ ಒತ್ತಿ ಒಂದರ ಮೇಲೊಂದು ಬಿದ್ದು ಉಸಿರುಗಟ್ಟುತ್ತವೆ. ಆದ್ದರಿಂದ ಸುತ್ತುಗಟ್ಟೆ ಗುಂಡಗಿರಬೇಕು.

ಇನ್ನು ನಮ್ಮ ಶೇಂಗಾ ಸೀಮೆಯವರು ಗಮನಿಸಬೇಕಾದ ಕಾರಣ. 1960ರಲ್ಲಿ ಇಂಗ್ಲೆಂಡಿನಲ್ಲಿ ಕೆಲವೇ ತಿಂಗಳಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿಗಳು ಸತ್ತವು. ಯಾವ ರೋಗಾಣುವೂ ಸಿಗದೆ ಅದನ್ನು ‘ಟರ್ಕಿ ಎಕ್ಸ್ ರೋಗ’ ಎಂದು ಕರೆದರು. ಕೊನೆಗೆ ದೋಷ ಕಂಡದ್ದು ಬ್ರೆಜಿಲಿನಿಂದ ಬಂದ ಶೇಂಗಾ ಹಿಂಡಿಯಲ್ಲಿ. ಅದಕ್ಕೆ ಹಿಡಿದ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟಿನ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಾಯಿತು. ಈ ವಿಷವನ್ನು ಕೋಳಿಮರಿ ಸ್ವಲ್ಪ ತಾಳೀತು, ಟರ್ಕಿ ಮರಿ ತಾಳದು. ಮೇವು ಬಿಟ್ಟು, ರೆಕ್ಕೆ ಇಳಿಬಿಟ್ಟು, ವಾರದೊಳಗೆ ಸಾಯುತ್ತದೆ; ಕೊಯ್ದು ನೋಡಿದರೆ ಪಿತ್ತಜನಕಾಂಗ ಕೆಟ್ಟಿರುತ್ತದೆ.

ಟರ್ಕಿ ಮರಿಯ ಆಹಾರದಲ್ಲಿ ಶೇಕಡಾ 28ರಷ್ಟು ಸಸಾರಜನಕ ಬೇಕು. ಅದಕ್ಕಾಗಿ ಊರ ಗಾಣದ ಹಿಂಡಿಗೆ ಕೈಹಾಕುವುದು ಸಹಜ. ಆದರೆ ಕೀಳುವ ಹೊತ್ತಿಗೆ ಮಳೆ ಹಿಡಿದು ಕಪ್ಪಾದ ಕಾಯಿ ಗಾಣಕ್ಕೇ ಹೋಗುತ್ತದೆ. ವಿಷ ಬಹುಪಾಲು ಹಿಂಡಿಯಲ್ಲೇ ಉಳಿಯುತ್ತದೆ. ಕುದಿಸಿದರೂ ಬಿಸಿಲಿಗೆ ಹಾಕಿದರೂ ಅದು ಪೂರ್ತಿ ಹೋಗುವುದಿಲ್ಲ. ಬೂಷ್ಟು ವಾಸನೆಯ ಹಿಂಡಿ, ಗೋವಿನಜೋಳಗಳನ್ನು ಅಗ್ಗವೆಂದು ತರಬೇಡಿರಿ. ಎಮ್ಮೆಗೂ ಹಾಕಬೇಡಿರಿ, ಹಾಲಿಗೂ ಇಳಿಯುತ್ತದೆ.

ಹಿಕ್ಕೆ ಗಂಧಕದಂತೆ ಹಳದಿಯಾದರೆ ಅದು ಬೇರೆ ರೋಗ. ಕೋಳಿಯ ಜಂತುವಿನ ಮೊಟ್ಟೆಯ ಮೂಲಕ ಬರುತ್ತದೆ. ಕೋಳಿ ತಿರುಗಾಡಿದ ಅಂಗಳಕ್ಕೆ ಟರ್ಕಿ ಮರಿ ಬಿಡಕೂಡದು.

ಸತ್ತ ಮರಿಯನ್ನು ತಿಪ್ಪೆಗೆ ಎಸೆಯದೆ, ಮಂಜುಗಡ್ಡೆಯೊಡನೆ ಅದೇ ದಿನ ಪಶುವೈದ್ಯರಲ್ಲಿಗೆ ಒಯ್ಯಿರಿ. ಜೊತೆಗೆ ಅದು ತಿಂದ ಆಹಾರವನ್ನೂ ಒಂದಿಷ್ಟು ಕಾಗದದಲ್ಲಿ ಕಟ್ಟಿಕೊಂಡು ಹೋಗಿರಿ.