ಲಕ್ವವೂ ಒಂದೆಲಗದ ಗುಣವೂ



ಒಂದೆಲಗದ ಸೊಪ್ಪು ಬುದ್ಧಿಗೆ ಒಳ್ಳೆಯದೆಂಬ ಮಾತನ್ನು ನೀವೆಲ್ಲರೂ ಕೇಳಿರುತ್ತೀರಿ. ತೋಟದ ಕಾಲುವೆಯ ಅಂಚಿನಲ್ಲಿ, ಬಾವಿಯ ಕಟ್ಟೆಯ ಮಗ್ಗುಲಲ್ಲಿ, ನೀರು ಜಿನುಗುವ ಕಡೆಯಲ್ಲೆಲ್ಲ ತಾನಾಗಿ ಹಬ್ಬುವ ಈ ಸೊಪ್ಪಿನಿಂದ ತಂಬುಳಿ, ಚಟ್ನಿ ಮಾಡಿ ಉಣ್ಣುವುದು ನಮ್ಮಲ್ಲಿ ಹಿಂದಿನಿಂದ ಬಂದ ವಾಡಿಕೆ. ಈಗ ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಲಕ್ವ ಹೊಡೆದವರಿಗೂ ಇದರ ರಸವೇ ಮದ್ದು, ಮಿದುಳಿನ ಜೀವಕೋಶಗಳನ್ನು ಇದು ಉಳಿಸುತ್ತದೆಂದು ವಿಜ್ಞಾನಿಗಳೇ ಹೇಳಿದ್ದಾರೆ, ಎನ್ನುತ್ತಾರೆ. ಈ ಮಾತಿನಲ್ಲಿ ಅರ್ಧ ನಿಜವಿದೆ. ಆ ಅರ್ಧ ಯಾವುದು, ಉಳಿದ ಅರ್ಧದಿಂದ ಆಗುವ ಹಾನಿ ಏನು ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಮೊದಲು ಲಕ್ವವೆಂದರೇನು? ಮಿದುಳಿನ ತೂಕ ದೇಹದ ತೂಕದಲ್ಲಿ ನೂರಕ್ಕೆ ಸುಮಾರು 2 ಪಾಲು ಮಾತ್ರ. ಆದರೆ ದೇಹ ಬಳಸುವ ಆಮ್ಲಜನಕದಲ್ಲಿ ನೂರಕ್ಕೆ ಸುಮಾರು 20 ಪಾಲು ಅದಕ್ಕೇ ಬೇಕು. ಕಣಜದಲ್ಲಿ ಭತ್ತವಿಟ್ಟಂತೆ ಅದು ದಾಸ್ತಾನು ಇಟ್ಟುಕೊಳ್ಳಲಾರದು. ರಕ್ತ ಕ್ಷಣಕ್ಷಣವೂ ಹರಿದುಬರುತ್ತಿರಬೇಕು. ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡು ಹರಿವು ನಿಂತರೆ ಒಂದು ಬಗೆಯ ಲಕ್ವ, ನಾಳ ಒಡೆದು ರಕ್ತ ಸೋರಿದರೆ ಇನ್ನೊಂದು ಬಗೆ. ಹೆಚ್ಚಿನವು ಮೊದಲನೆಯ ಬಗೆಯವು.

ಈ ಮೊದಲನೆಯ ಬಗೆಯನ್ನು ಗದ್ದೆಯ ಹೋಲಿಕೆಯಿಂದ ತಿಳಿಯುವುದು ಸುಲಭ. ಬೇಸಿಗೆಯಲ್ಲಿ ಕಾಲುವೆಯ ಬಾಯಿಗೆ ಕಸ ಕಟ್ಟಿತೆಂದು ಭಾವಿಸಿರಿ. ಆ ಕಾಲುವೆಯನ್ನೇ ನಂಬಿದ ನಡುಮಡಿಯ ಪೈರು ಒಣಗಿಹೋಗುತ್ತದೆ. ಅದರ ಸುತ್ತಿನ ಪೈರು ಹಾಗಲ್ಲ. ಪಕ್ಕದ ಗದ್ದೆಯಿಂದ ಬದುವಿನಲ್ಲಿ ಒಸರುವ ನೀರಿನಿಂದ ಅದು ಬಾಡಿದರೂ ಜೀವ ಹಿಡಿದುಕೊಂಡಿರುತ್ತದೆ. ಸಂಜೆಯೊಳಗೆ ನೀರು ಬಿಟ್ಟರೆ ತಲೆಯೆತ್ತುತ್ತದೆ. ನಾಳೆ ಬಿಟ್ಟರೆ ಪ್ರಯೋಜನವಿಲ್ಲ. ಮಿದುಳಿನಲ್ಲಿಯೂ ಹೀಗೆಯೇ ಸತ್ತ ಭಾಗದ ಸುತ್ತ ಬಾಡಿದ ಭಾಗವೊಂದು ಇರುತ್ತದೆ. ವೈದ್ಯರ ಹೋರಾಟವೆಲ್ಲ ಈ ಬಾಡಿದ ಭಾಗಕ್ಕಾಗಿ. ದೊಡ್ಡ ರಕ್ತನಾಳವೊಂದು ಕಟ್ಟಿಕೊಂಡು ಚಿಕಿತ್ಸೆ ಸಿಗದಿದ್ದರೆ ನಿಮಿಷಕ್ಕೆ ಸರಾಸರಿ 19 ಲಕ್ಷ ನರಕೋಶಗಳು ಸಾಯುತ್ತವೆಂದು 2006ರಲ್ಲಿ ಲೆಕ್ಕ ಹಾಕಿದ್ದಾರೆ. ಸೊಪ್ಪು ಹುಡುಕಿ ತಂದು, ಅರೆದು, ಸೋಸುವುದಕ್ಕೆ ಅರ್ಧ ಗಂಟೆ ಹಿಡಿಯಿತೆನ್ನಿ. ಅಷ್ಟರಲ್ಲಿ ಹೋದದ್ದು 5 ಕೋಟಿ 70 ಲಕ್ಷ.

ಇನ್ನು ಸಸ್ಯಗಳ ವಿಷಯ. ಆಮ್ಲಜನಕ ಸಿಗದ ಜೀವಕೋಶದಲ್ಲಿ ಶಕ್ತಿ ಉಡುಗುತ್ತದೆ. ಹೊರಗಿರಬೇಕಾದ ಸುಣ್ಣದ ಅಂಶ ಒಳಗೆ ನುಗ್ಗುತ್ತದೆ. ಉರಿಯೂತ ಹುಟ್ಟುತ್ತದೆ. ತೀಕ್ಷ್ಣವಾದ ಕೆಲವು ಆಮ್ಲಜನಕ ಕಣಗಳು ಕೋಶದ ಗೋಡೆಯನ್ನೇ ಕೊರೆಯುತ್ತವೆ. ರಕ್ತ ಮರಳಿ ಹರಿದಾಗಲೂ ಈ ಕೊರೆತ ಕೆಲಹೊತ್ತು ಹೆಚ್ಚುತ್ತದೆ. ಗಿಡಗಳಿಗೂ ಬಿಸಿಲು, ಹುಳು, ಬೂಷ್ಟುಗಳ ಕಾಟವುಂಟು. ಓಡಿಹೋಗಲು ಅವಕ್ಕೆ ಕಾಲಿಲ್ಲ. ಆದಕಾರಣ ತಮ್ಮನ್ನು ಕಾಯ್ದುಕೊಳ್ಳುವ ರಾಸಾಯನಿಕಗಳನ್ನು ಮೈಯಲ್ಲೇ ತಯಾರಿಸಿಕೊಳ್ಳುತ್ತವೆ. ಅವುಗಳಲ್ಲಿ ಕೆಲವು ನಮ್ಮ ಜೀವಕೋಶಗಳಲ್ಲಿಯೂ ಈ ಉರಿ, ಕೊರೆತಗಳನ್ನು ತಗ್ಗಿಸಬಲ್ಲವು. ಒಂದೆಲಗದ ಏಷಿಯಾಟಿಕ್ ಆಮ್ಲವನ್ನು ಪ್ರಯೋಗಶಾಲೆಯಲ್ಲಿ ಲಕ್ವ ಬರಿಸಿದ ಇಲಿಗಳಿಗೆ ಕೊಟ್ಟಾಗ ಮಿದುಳಿನ ಸತ್ತ ಭಾಗ ಚಿಕ್ಕದಾದದ್ದು ನಿಜ. ಅರಿಶಿನದ ಕರ್ಕ್ಯುಮಿನ್ ಕೂಡ ಇಲಿಗಳಲ್ಲಿ ಇಂಥ ಗುಣ ತೋರಿದೆ. ನಾನು ಹೇಳಿದ ಅರ್ಧ ನಿಜ ಇದೇ.

ಇಲಿಯಿಂದ ಮನುಷ್ಯನಿಗೆ ಬರುವ ದಾರಿ ಮಾತ್ರ ಉದ್ದವಾದದ್ದು. ಕರ್ಕ್ಯುಮಿನ್ ಕರುಳಿನಿಂದ ರಕ್ತಕ್ಕೆ ಸೇರುವುದೇ ಬಹಳ ಕಡಮೆ. ರಕ್ತಕ್ಕೆ ಸೇರಿದ ಪದಾರ್ಥಗಳನ್ನೂ ಮಿದುಳಿನ ರಕ್ತನಾಳಗಳ ಬಿಗಿಯಾದ ಒಳಗೋಡೆ ಸುಲಭವಾಗಿ ಒಳಕ್ಕೆ ಬಿಡುವುದಿಲ್ಲ. ಅಲ್ಲದೆ ಪ್ರಯೋಗದಲ್ಲಿ ಕೊಟ್ಟದ್ದು ಬೇರ್ಪಡಿಸಿ, ಶುದ್ಧ ಮಾಡಿ, ತೂಗಿದ ವಸ್ತು. ನಾವು ಹಿಂಡುವ ರಸದಲ್ಲಿ ಅದು ಎಷ್ಟಿದೆಯೆಂದು ಹೇಳುವವರಾರು? ಒಂದೇ ಸೊಪ್ಪಿನಲ್ಲಿಯೂ ಮಣ್ಣಿಗೆ, ಋತುವಿಗೆ ತಕ್ಕಂತೆ ಅಂಶ ಏರಿಳಿಯುತ್ತದೆ. (ಒಂದೆಲಗವನ್ನೂ ನೀರುಬ್ರಾಹ್ಮಿಯನ್ನೂ ಬ್ರಾಹ್ಮಿ ಎಂಬ ಒಂದೇ ಹೆಸರಿನಿಂದ ಕರೆಯುವವರಿದ್ದಾರೆ. ಇವು ಬೇರೆ ಬೇರೆ ಗಿಡಗಳು, ಒಳಗಿನ ಸತ್ವಗಳೂ ಬೇರೆ.) ಲಕ್ವಕ್ಕಾಗಿ ಪ್ರಯೋಗ ಮಾಡಿದ ಮದ್ದುಗಳನ್ನು 2006ರಲ್ಲಿ ಎಣಿಸಿದಾಗ 1,026 ಸಿಕ್ಕವು. ಮನುಷ್ಯರ ಮೇಲಿನ ಪರೀಕ್ಷೆಯವರೆಗೆ ಬಂದವು ಅವುಗಳಲ್ಲಿ 114 ಮಾತ್ರ.

ಹಾಗಾದರೆ ಸಸ್ಯದಿಂದ ಏನೂ ಬಂದಿಲ್ಲವೇ? ಬಂದಿದೆ, ಅದು ಹೇಗೆ ಬಂತೆಂಬುದನ್ನು ಗಮನಿಸಬೇಕು. ಕೊತ್ತಂಬರಿ, ಜೀರಿಗೆ, ಓಮಗಳ ಬಳಗಕ್ಕೆ ಸೇರಿದ ಸೆಲರಿ ಎಂಬ ಗಿಡವುಂಟು. ನಮ್ಮ ಒಂದೆಲಗವೂ ಇದೇ ಬಳಗದ್ದು. ಸೆಲರಿ ಬೀಜದಲ್ಲಿ ಕಂಡುಬಂದ ಬ್ಯುಟೈಲ್‌ಥಾಲೈಡ್ ಎಂಬ ಪದಾರ್ಥವನ್ನು ಚೀನಾ ದೇಶದವರು ಕಾರ್ಖಾನೆಯಲ್ಲಿ ತಯಾರಿಸಿ, 2002ರಲ್ಲಿ ಲಕ್ವದ ಔಷಧಿಯಾಗಿ ಅಂಗೀಕರಿಸಿದರು. ಅಲ್ಲಿಯ 1,216 ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯೊಂದರ ಫಲ 2023ರಲ್ಲಿ ಪ್ರಕಟವಾಯಿತು. ತೊಂಬತ್ತು ದಿನಗಳ ಮೇಲೆ ನೋಡಿದಾಗ, ಇದನ್ನು ಪಡೆದವರಲ್ಲಿ ನೂರಕ್ಕೆ ಸುಮಾರು 57 ಮಂದಿಯೂ, ಪಡೆಯದವರಲ್ಲಿ 44 ಮಂದಿಯೂ ಒಳ್ಳೆಯ ಸ್ಥಿತಿಗೆ ಬಂದಿದ್ದರು. ಆದರೆ ಎರಡೂ ಗುಂಪಿನವರು ಆರು ಗಂಟೆಯೊಳಗೆ ಆಸ್ಪತ್ರೆ ಸೇರಿ, ಹೆಪ್ಪು ಕರಗಿಸುವ ಅಥವಾ ತೆಗೆಯುವ ಚಿಕಿತ್ಸೆ ಪಡೆದವರೇ ಆಗಿದ್ದರು. ಬಾಡಿದ ಪೈರಿಗೆ ನೆರಳು ಮಾಡಿದರೆ ಅನುಕೂಲವೇ. ಕಾಲುವೆಯ ಕಸವನ್ನೂ ತೆಗೆಯಬೇಕು.

ಆ ಕಸ ತೆಗೆಯುವ ಸೂಜಿಮದ್ದನ್ನು ಅಮೆರಿಕದಲ್ಲಿ 1996ರಲ್ಲಿ ಮೊದಲು ಅಂಗೀಕರಿಸಿದಾಗ ಮೂರು ಗಂಟೆಯ ಗಡುವಿತ್ತು. ನಾಲ್ಕೂವರೆ ಗಂಟೆಯವರೆಗೂ ಗುಣವುಂಟೆಂದು 2008ರಲ್ಲಿ ತಿಳಿದುಬಂತು. ದೊಡ್ಡ ನಾಳದ ಹೆಪ್ಪನ್ನು ತಂತಿಯಿಂದ ಎಳೆದು ತೆಗೆಯುವುದು ಕೆಲವರಿಗೆ ಇನ್ನೂ ತಡವಾಗಿಯೂ ಸಾಧ್ಯ. ಆದರೆ ನಾಳ ಒಡೆದ ಲಕ್ವಕ್ಕೆ ಹೆಪ್ಪು ಕರಗಿಸುವ ಮದ್ದು ಕೊಟ್ಟರೆ ಪ್ರಾಣಕ್ಕೇ ಅಪಾಯ. ಇದು ಯಾವ ಬಗೆಯೆಂದು ಹೊರಗಿನಿಂದ ನೋಡಿ ಯಾರೂ ಹೇಳಲಾರರು. ತಲೆಯ ಸ್ಕ್ಯಾನ್ ಆಗಲೇಬೇಕು. ಈ ಕಾರಣದಿಂದಲೇ ಮನೆಯಲ್ಲಿ ಆಸ್ಪಿರಿನ್ ಮಾತ್ರೆಯನ್ನೂ ಕೊಡಬಾರದು.

ಬಾಯಿ ಒಂದು ಕಡೆಗೆ ಸೊಟ್ಟಗಾದರೆ, ಎರಡು ಕೈಗಳನ್ನೂ ಚಾಚಲು ಹೇಳಿದಾಗ ಒಂದು ಕೆಳಗೆ ಜಾರಿದರೆ, ಮಾತು ತೊದಲಿದರೆ, ಈ ಮೂರರಲ್ಲಿ ಒಂದು ಕಂಡರೂ ಸಾಕು, 108ಕ್ಕೆ ಕರೆ ಮಾಡಿರಿ. ಸ್ಕ್ಯಾನ್ ಇರುವ ಆಸ್ಪತ್ರೆಗೇ ಒಯ್ಯಬೇಕೆಂದು ಕೇಳಿರಿ. ತೊಂದರೆ ಶುರುವಾದ ಹೊತ್ತನ್ನು ಗುರುತಿಟ್ಟುಕೊಳ್ಳಿರಿ. ಬೆಳಗ್ಗೆ ಏಳುವಾಗಲೇ ಹೀಗಾಗಿದ್ದರೆ, ಹಿಂದಿನ ರಾತ್ರಿ ಎಷ್ಟು ಹೊತ್ತಿನವರೆಗೆ ಸರಿಯಾಗಿದ್ದರೆಂಬುದನ್ನು ಹೇಳಬೇಕು. ಪಾರಿವಾಳದ ರಕ್ತ ಸವರುತ್ತ ಕೂಡುವುದು ಬರಿಯ ಕಾಲಹರಣ. ಸೊಪ್ಪಿನ ರಸವನ್ನು ಬಾಯಿಗೆ ಹುಯ್ಯುವುದು ಅದಕ್ಕಿಂತ ಕೆಟ್ಟದ್ದು. ಲಕ್ವದಲ್ಲಿ ಗಂಟಲೂ ಸೋತಿರಬಹುದು. ಹುಯ್ದದ್ದು ಹೊಟ್ಟೆಗೆ ಹೋಗದೆ ಶ್ವಾಸಕೋಶಕ್ಕೆ ಇಳಿದು ಜ್ವರ, ಕೆಮ್ಮು ಏರುತ್ತದೆ. ನೀರನ್ನೂ ಕೊಡಬೇಡಿರಿ.

ರೋಗಿ ಮನೆಗೆ ಬಂದ ಮೇಲೆ, ನುಂಗುವುದು ಸರಿಯಾಗಿದೆಯೆಂದು ವೈದ್ಯರು ಹೇಳಿದರೆ ಒಂದೆಲಗದ ತಂಬುಳಿ ಊಟದಲ್ಲಿರಲಿ, ಅಡ್ಡಿಯಿಲ್ಲ. ಉಪ್ಪು ಮಾತ್ರ ಕಡಮೆ ಹಾಕಿರಿ. ಲಕ್ವಕ್ಕೆ ಎಲ್ಲಕ್ಕಿಂತ ದೊಡ್ಡ ಕಾರಣ ರಕ್ತದೊತ್ತಡ. ಸೊಪ್ಪು ತಿನ್ನುತ್ತೇವೆಂದು ಒತ್ತಡದ ಮಾತ್ರೆಯನ್ನು ಬಿಡಕೂಡದು. ಚೂರ್ಣ, ಕಷಾಯ ಏನಾದರೂ ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡದೆ ವೈದ್ಯರಿಗೆ ತಿಳಿಸಿರಿ. ಬಚ್ಚಲ ನೀರು ಹರಿಯುವ ಕಡೆ ಬೆಳೆದ ಸೊಪ್ಪನ್ನು ಕೊಯ್ಯಬೇಡಿರಿ. ಗೆಣ್ಣಿನಲ್ಲಿ ಬೇರು ಬಿಟ್ಟ ಬಳ್ಳಿಯ ತುಂಡೊಂದನ್ನು ಗೊಬ್ಬರ ಬೆರೆತ ಮಣ್ಣಿನ ಕುಂಡದಲ್ಲಿ ನೆಟ್ಟು, ಅರೆನೆರಳಿನಲ್ಲಿ ಇಟ್ಟು, ಒಳ್ಳೆಯ ನೀರು ಹಾಕಿದರೆ ಮನೆಖರ್ಚಿಗೆ ಬೇಕಾದಷ್ಟು ಸೊಪ್ಪು ಅಲ್ಲೇ ಸಿಗುತ್ತದೆ.